ಕಲೆಗಾರನ ಮನೆಗೆ ಬೀಟ್‌ರೂಟ್ ಬಂದದ್ದು

ಆ ಬೀದಿಯಲ್ಲಿ ಯಾರನ್ನೇ ಕೇಳಿದರೂ ಕಲೆಗಾರನ ಅಂಗಡಿ ಎಲ್ಲಿದೆ ಎಂದು ತೋರಿಸುತ್ತಿದ್ದರು. ಹೊಸಬರು ಚಿತ್ರ ಬರೆಯುವವನ ಅಂಗಡಿ ಇರಬೇಕು ಎಂದುಕೊಂಡು ಒಳಗೆ ಇಣುಕಿದರೆ ಕಾಣುತ್ತಿದ್ದದ್ದು ಹ್ಯಾಂಗರಿಗೆ ನೇತುಬಿದ್ದ ಕೋಟುಗಳ ಸಾಲು, ಉಗಿ ಕಾರುವ ಇಸ್ತ್ರಿ ಯಂತ್ರ, ಮತ್ತು ಯಾರದೋ ಅಂಗಿಯ ತೋಳನ್ನು ಬೆಳಕಿಗೆ ಹಿಡಿದು ಮೂಸಿ ನೋಡುತ್ತಿದ್ದ ಐವತ್ತು ದಾಟಿದ ಮನುಷ್ಯ. ಅವನ ಕಲೆ ಬಟ್ಟೆಯ ಮೇಲೆ ಬಿದ್ದ ಕಲೆ. ಶಾಯಿ, ಎಣ್ಣೆ, ಚಹಾ, ತುಕ್ಕು, ರಕ್ತ, ಏನೇ ಇರಲಿ, ಮೂಸಿ, ಉಗುರಿನಿಂದ ಒಂದು ಸಲ ಕೆರೆದು, ಇದು ಯಾವಾಗ ಬಿದ್ದದ್ದು, ಮನೆಯಲ್ಲಿ ಏನು ಹಚ್ಚಿ ಕೆಡಿಸಿದಿರಿ ಎಂದು ಕೇಳುತ್ತಿದ್ದ. ಗಿರಾಕಿಗಳು ಸುಳ್ಳು ಹೇಳಿದರೂ ಬಟ್ಟೆ ನಿಜ ಹೇಳುತ್ತದೆ ಎಂಬುದು ಅವನ ನಂಬಿಕೆ. ಯಾರೋ ತಮಾಷೆಗೆ ಇಟ್ಟ ಹೆಸರು ಕಲೆಗಾರ. ಅದು ಅವನಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ ಫೋನ್ ಎತ್ತಿದಾಗಲೂ ಹಾಗೆಯೇ ಹೇಳಿಕೊಳ್ಳುತ್ತಿದ್ದ.

ಅಂಗಡಿಯಿಂದ ಎರಡು ತಿರುವು ದಾಟಿದರೆ ಮನೆ. ಮನೆಯಲ್ಲಿ ಮೂವರು. ಅವನು, ಹೆಂಡತಿ, ಹೆಂಡತಿಯ ತಂದೆ. ಮಾವ ಬಡಗಿ ಕೆಲಸ ಬಿಟ್ಟ ಮೇಲೆ ಮಗಳ ಮನೆಗೆ ಬಂದವರು. ವಯಸ್ಸು ಎಪ್ಪತ್ತೆಂಟು. ಬಾಯಲ್ಲಿ ಉಳಿದ ಹಲ್ಲು ಆರು, ಹಸಿವು ಮಾತ್ರ ಮೂವತ್ತೆರಡು ಹಲ್ಲಿನವರದ್ದು. ಹೆಂಡತಿ ಮನೆಯ ಕೆಲಸವೆಲ್ಲ ಮುಗಿಸಿ ಸಂಜೆ ಅಂಗಡಿಗೆ ಬಂದು ಮೂಲೆಯ ಸ್ಟೂಲಿನ ಮೇಲೆ ಕುಳಿತು ಬಟ್ಟೆಗಳಿಗೆ ಕಿತ್ತುಹೋದ ಗುಂಡಿ ಹೊಲಿದುಕೊಡುತ್ತಿದ್ದಳು. ಮದುವೆಯಾದ ಇಪ್ಪತ್ತೆರಡು ವರ್ಷಗಳಿಂದ ಗಂಡಹೆಂಡಿರ ಗಾಡಿ ಹೀಗೇ ಸಾಗಿತ್ತು.

ಆ ಮನೆಗೆ ಬೀಟ್‌ರೂಟ್ ಬರುತ್ತಿರಲಿಲ್ಲ. ಯಾಕೆ ಎಂದು ಕಲೆಗಾರ ಎಂದೂ ಯೋಚಿಸಿದವನಲ್ಲ. ಹೆಂಡತಿಗೆ ಇಷ್ಟವಿಲ್ಲವೇನೋ ಎಂದುಕೊಂಡಿದ್ದ. ಅವನಿಗೂ ಅದು ಸರಿ ಎನಿಸಿತ್ತು. ದಿನವಿಡೀ ಕಲೆಯ ಜೊತೆ ಗುದ್ದಾಡುವವನು ಮನೆಗೆ ಆ ಗೆಡ್ಡೆಯನ್ನು ತರುವುದೆಂದರೆ ಹಲ್ಲಿನ ಡಾಕ್ಟರು ಮನೆ ತುಂಬ ಮಿಠಾಯಿ ಡಬ್ಬ ಇಟ್ಟುಕೊಂಡ ಹಾಗೆ.

ಚಳಿ ಶುರುವಾಗಿದ್ದ ಒಂದು ಸೋಮವಾರ ಬೆಳಗ್ಗೆ ಇಸ್ತ್ರಿ ಯಂತ್ರದ ಮೇಲುಮುಚ್ಚಳ ಅವನ ಬಲಗೈ ಮೇಲೆ ಕೂತುಬಿಟ್ಟಿತು. ತಪ್ಪು ಅವನದೇ. ಬಾಗಿಲಲ್ಲಿ ಯಾರೋ ಕರೆದರೆಂದು ತಿರುಗಿದ್ದ, ಕಾಲು ಮಾತ್ರ ಪೆಡಲಿನ ಮೇಲೆಯೇ ಇತ್ತು. ಬೆರಳುಗಳಿಂದ ಮಣಿಕಟ್ಟಿನವರೆಗೆ ಬೆಂದುಹೋಯಿತು. ಡಾಕ್ಟರು ಔಷಧಿ ಹಚ್ಚಿ, ದಿಂಬಿನಷ್ಟು ದಪ್ಪ ಬ್ಯಾಂಡೇಜು ಸುತ್ತಿ, ಆರು ವಾರ ಈ ಕೈಗೆ ನೀರು ಬೇಡ, ಶಾಖ ಬೇಡ, ಭಾರ ಬೇಡ ಎಂದರು. ಲಾಂಡ್ರಿಯಲ್ಲಿ ನೀರು, ಶಾಖ, ಭಾರ ಈ ಮೂರನ್ನು ಬಿಟ್ಟರೆ ಉಳಿಯುವುದು ರಸೀದಿ ಪುಸ್ತಕ ಒಂದೇ. ಅದನ್ನು ಬರೆಯುವುದಕ್ಕೂ ಬಲಗೈಯೇ ಬೇಕು.

ಅಂಗಡಿಗೆ ಬೀಗ ಹಾಕುವುದೊಂದೇ ದಾರಿ ಎಂದು ಅವನು ಸಂಜೆ ಮುಖ ಸಪ್ಪಗೆ ಮಾಡಿಕೊಂಡು ಹೇಳಿದ. ಹೆಂಡತಿ ಬೀಗದ ಕೈ ಈಸಿಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು. ನಾಳೆಯಿಂದ ತಾನು ಹೋಗುತ್ತೇನೆ ಎಂದಳು.

"ನಿನ್ನ ಕೈಯಲ್ಲಿ ಆಗುತ್ತಾ?" ಎಂದ.

"ಅಡುಗೆ ನಿಮ್ಮ ಕೈಯಲ್ಲಿ ಆಗುತ್ತಾ ಅಂತ ನಾನು ಕೇಳಿದ್ನಾ?"

ಅಲ್ಲಿಗೆ ಮಾತು ಮುಗಿಯಿತು. ಮಾವ ಪೇಪರಿನ ಹಿಂದಿನಿಂದ ಒಮ್ಮೆ ಇಬ್ಬರನ್ನೂ ನೋಡಿ ಮತ್ತೆ ಪೇಪರಿನೊಳಗೆ ಹೋದರು.

ಮೊದಲ ವಾರ ಆ ಅಡುಗೆಮನೆಯಲ್ಲಿ ನಡೆದದ್ದನ್ನು ಅಡುಗೆ ಎನ್ನುವ ಹಾಗಿರಲಿಲ್ಲ. ಎಡಗೈ ಅವನ ಮಾತು ಕೇಳುತ್ತಿರಲಿಲ್ಲ. ಸಿಪ್ಪೆ ತೆಗೆಯಲು ಹೋದರೆ ಆಲೂಗಡ್ಡೆ ಕೈಯಿಂದ ಹಾರಿ ಸಿಂಕಿನಲ್ಲಿ ಕಪ್ಪೆಯಂತೆ ಕುಪ್ಪಳಿಸುತ್ತಿತ್ತು. ಈರುಳ್ಳಿ ಅರ್ಧ ಹೆಚ್ಚುವಷ್ಟರಲ್ಲಿ ನೆಲಕ್ಕೆ ಬಿದ್ದು ಒಲೆಯ ಕೆಳಗೆ ಸೇರಿಕೊಳ್ಳುತ್ತಿತ್ತು. ಒಂದೇ ಕೈಯಲ್ಲಿ ಒಡೆಯಲು ಬರುತ್ತಿದ್ದದ್ದು ಮೊಟ್ಟೆ ಮಾತ್ರ. ಹೀಗಾಗಿ ಮಂಗಳವಾರದಿಂದ ಗುರುವಾರದವರೆಗೆ ಮೊಟ್ಟೆ ಬ್ರೆಡ್ಡು, ಬ್ರೆಡ್ಡು ಮೊಟ್ಟೆ. ಹೆಂಡತಿ ಇದ್ದದ್ದನ್ನು ತಿಂದೆದ್ದು ಹೋಗುತ್ತಿದ್ದಳು. ಶುಕ್ರವಾರ ಮಾವ ತಟ್ಟೆಯನ್ನು ನೋಡಿ ನಿಟ್ಟುಸಿರು ಬಿಟ್ಟರು.

"ಅಳಿಯಂದ್ರೆ, ಕೋಳಿಗಾದರೂ ಒಂದು ದಿನ ರಜ ಕೊಡಿ."

ಆ ಮಾತು ಸರಿಯಾದ ಜಾಗಕ್ಕೇ ತಾಗಿತು. ಮರುದಿನ ಬೆಳಗ್ಗೆ ಕಲೆಗಾರ ಚೀಲ ಹಿಡಿದು ಮಾರುಕಟ್ಟೆಗೆ ಹೊರಟ.

ಮಾರುಕಟ್ಟೆಯ ಬಾಗಿಲಲ್ಲೇ ಸೊಪ್ಪಿನಕ್ಕನ ಅಂಗಡಿ. ಅವಳು ಗೆಡ್ಡೆ, ಕಾಯಿ ಎಲ್ಲವನ್ನೂ ಮಾರುತ್ತಿದ್ದಳು. ಆದರೂ ಶುರುವಿನಲ್ಲಿ ಬರೀ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತದ್ದರಿಂದ ಹೆಸರು ಹಾಗೇ ಉಳಿದಿತ್ತು. ಅವಳ ಏಪ್ರನ್ನು ಅವನ ಅಂಗಡಿಗೇ ಒಗೆಯಲು ಬರುತ್ತಿದ್ದದ್ದರಿಂದ ಪರಿಚಯವಿತ್ತು. ಅವನ ಕೈ ನೋಡಿ ಅಯ್ಯೋ ಪಾಪ ಎಂದು, ಏನಾಯಿತು, ಯಾವಾಗ ಆಯಿತು ಎಂದೆಲ್ಲ ವಿಚಾರಿಸಿದಳು. ಸಿಪ್ಪೆ ತೆಗೆಯುವ ಗೋಜಿಲ್ಲದ, ಓಡಿಹೋಗದ ತರಕಾರಿ ಏನಾದರೂ ಇದ್ದರೆ ಕೊಡಕ್ಕಾ ಎಂದ. ಬೀನ್ಸಿನ ನಾರು ಬಿಡಿಸಲು ಎರಡು ಕೈ ಬೇಕು, ಕುಂಬಳ ಹೆಚ್ಚಲು ಮೂರು ಬೇಕು ಎಂದು ಅವಳು ಒಂದೊಂದನ್ನೇ ತಳ್ಳಿಹಾಕಿ, ಕೊನೆಗೆ ಬಗ್ಗಿ, ಹಸಿರು ಎಲೆಯ ಸಮೇತ ಕಟ್ಟಿದ್ದ ಒಂದು ಕಟ್ಟನ್ನು ಎತ್ತಿ ಅವನ ಮುಂದೆ ಹಿಡಿದಳು. ಮಣ್ಣು ಮೆತ್ತಿದ ನಾಲ್ಕು ಬೀಟ್‌ರೂಟ್.

ಅವನು ಒಂದು ಹೆಜ್ಜೆ ಹಿಂದೆ ಸರಿದ. ನಮ್ಮ ಮನೆಯಲ್ಲಿ ಇದನ್ನು ತರುವುದಿಲ್ಲ ಎಂದ. ಯಾಕೆ ಎಂದು ಅವಳು ಕೇಳಿದ್ದಕ್ಕೆ ಕಲೆ ಎಂದ. ಸೊಪ್ಪಿನಕ್ಕ ಸೊಂಟದ ಮೇಲೆ ಕೈಯಿಟ್ಟಳು.

"ಅಲ್ಲಣ್ಣ, ಊರ ಕಲೆ ಎಲ್ಲ ತೆಗೆಯೋನು ನೀನು. ನಿನಗೆ ಈ ಗೆಡ್ಡೆ ಕಂಡ್ರೆ ಭಯವಾ? ಇದನ್ನ ಸಿಪ್ಪೆ ಸಮೇತ ಇಡಿಯಾಗಿ ಬೇಯಿಸು. ಬೆಂದ ಮೇಲೆ ಹೆಬ್ಬೆರಳಲ್ಲಿ ಹೀಗೆ ಒತ್ತಿ ಜಾರಿಸು, ಸಿಪ್ಪೆ ಕಾಲುಚೀಲ ಕಳಚಿದ ಹಾಗೆ ಬರುತ್ತೆ. ಒಂದು ಕೈಯವರಿಗೆ ಅಂತಲೇ ಹುಟ್ಟಿದ ತರಕಾರಿ ಇದು."

ಇದೀಗ ಸುಗ್ಗಿ, ನಿನ್ನೆಯಷ್ಟೇ ಕಿತ್ತದ್ದು ಎಂದು ಹೇಳಿ, ಆರಿಸುವುದನ್ನೂ ಅವಳೇ ಕಲಿಸಿದಳು. ದೊಡ್ಡದಕ್ಕೆ ಆಸೆಪಡಬೇಡ, ಅದರ ನಡುವೆ ಕಟ್ಟಿಗೆಯಂತೆ ನಾರು ಕೂತಿರುತ್ತದೆ. ನಿನ್ನ ಮುಷ್ಟಿಗಿಂತ ಸಣ್ಣದು ಸಾಕು. ಒತ್ತಿದರೆ ಕಲ್ಲಿನ ಹಾಗೆ ಗಟ್ಟಿ ಇರಬೇಕು. ಸಿಪ್ಪೆ ನುಣ್ಣಗಿರಬೇಕು, ಕೆಳಗಿನ ಬಾಲ ಮುರಿದಿರಬಾರದು. ಎಲೆ ನೋಡು, ಎಲೆ ಬಾಡಿದ್ದರೆ ಗೆಡ್ಡೆ ಎಷ್ಟು ದಿನದ್ದು ಎಂದು ಯಾರನ್ನೂ ಕೇಳಬೇಕಾಗಿಲ್ಲ. ಕಲೆಗಾರನ ಕಿವಿ ಆಗ ನೆಟ್ಟಗಾಯಿತು. ನೋಡಿ, ಮುಟ್ಟಿ, ಒತ್ತಿ ತಿಳಿಯುವ ಕೆಲಸ ಅವನಿಗೆ ಗೊತ್ತಿದ್ದ ಕೆಲಸ. ಎಡಗೈಯಿಂದಲೇ ಒಂದೊಂದನ್ನು ಎತ್ತಿ ತಿರುಗಿಸಿ, ಕೊನೆಗೆ ಎರಡು ಕಟ್ಟು ಆರಿಸಿದ. ಅದರಲ್ಲಿ ಒಂದನ್ನು ಅವಳು ಬದಲಾಯಿಸಿಕೊಟ್ಟಳು.

ಮನೆಗೆ ಬಂದು ಮೊದಲು ಮಾಡಿದ್ದು ತಪ್ಪು ಕೆಲಸ. ಮಣ್ಣು ಮೆತ್ತಿದ ವಸ್ತುವನ್ನು ಮಣ್ಣಿನ ಸಮೇತ ಪಾತ್ರೆಗೆ ಹಾಕಲು ಒಬ್ಬ ಲಾಂಡ್ರಿಯವನಿಗೆ ಮನಸ್ಸು ಬರುವುದುಂಟೇ? ಬ್ರಷ್ಷಿನಿಂದ ಗಸಗಸ ಉಜ್ಜಿ, ತಲೆಯನ್ನೂ ಬಾಲವನ್ನೂ ನೀಟಾಗಿ ಕತ್ತರಿಸಿ, ಎಲೆಗಳನ್ನು ಕಸದ ಬುಟ್ಟಿಗೆ ಎಸೆದು, ನೀರಿಗೆ ಹಾಕಿ ಒಲೆ ಹೊತ್ತಿಸಿದ. ಹತ್ತು ನಿಮಿಷದಲ್ಲಿ ನೀರು ಕಡುಗೆಂಪಾಯಿತು. ಮುಕ್ಕಾಲು ಗಂಟೆಯ ಮೇಲೆ ಹೊರತೆಗೆದರೆ ಗೆಡ್ಡೆಗಳು ಸಪ್ಪೆ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ನೂರು ಸಲ ಒಗೆದ ರುಮಾಲಿನ ಬಣ್ಣ. ರುಚಿಯೂ ಹೆಚ್ಚುಕಡಿಮೆ ರುಮಾಲಿನದ್ದೇ.

ಮಧ್ಯಾಹ್ನ ಊಟಕ್ಕೆ ಬಂದ ಹೆಂಡತಿ ತಟ್ಟೆ ನೋಡಿ ಸ್ವಲ್ಪ ಹೊತ್ತು ನಿಂತೇ ಇದ್ದಳು. ಏನೋ ಕೇಳಲು ಬಾಯಿ ತೆರೆದು, ಕೇಳದೆ ಕುಳಿತಳು. ಎಲ್ಲ ಹೋಳುಗಳನ್ನೂ ತಿಂದಳು. ಕೈ ತೊಳೆದು ಅಂಗಡಿಗೆ ಹೋಗಿಯೇಬಿಟ್ಟಳು. ಕಲೆಗಾರ ಅವಳ ತಟ್ಟೆ ಎತ್ತಿ ಸಿಂಕಿಗೆ ಹಾಕಿದ.

"ಅವಳಿಗೆ ಸೇರಲಿಲ್ಲ ಮಾವ. ಇನ್ನು ತರೋದು ಬೇಡ" ಎಂದ.

ಮಾವ ಕೊನೆಯ ಹೋಳನ್ನು ಆರು ಹಲ್ಲುಗಳ ನಡುವೆ ಅತ್ತಿತ್ತ ಕಳಿಸುತ್ತಿದ್ದವರು ನಿಲ್ಲಿಸಿದರು. "ಯಾರಿಗೆ ಸೇರಲಿಲ್ಲ? ನನ್ನ ಮಗಳಿಗಾ? ಅವಳು ಚಿಕ್ಕವಳಿದ್ದಾಗ ಒಲೆ ಮೇಲಿಂದಲೇ ಕದ್ದು ತಿಂತಿದ್ದಳು. ಬಾಯೆಲ್ಲ ಕೆಂಪು ಮಾಡ್ಕೊಂಡು ಸ್ಕೂಲಿಗೆ ಹೋಗಿ, ಟೀಚರು ಏನೋ ಪೆಟ್ಟಾಗಿದೆ ಅಂತ ಹೆದರಿ ಮನೆಗೆ ಕಳಿಸಿದ್ರು. ಬೀಟ್‌ರೂಟ್ ಅಂದ್ರೆ ಅವಳಿಗೆ ಪ್ರಾಣ."

ಕಲೆಗಾರ ಬೆಪ್ಪಾಗಿ ಕುಳಿತ. ಪ್ರಾಣ ಎಂದ ಮೇಲೆ ಇಪ್ಪತ್ತೆರಡು ವರ್ಷ ಅದು ಯಾಕೆ ಹೊಸ್ತಿಲು ದಾಟಲಿಲ್ಲ? ಹೆಂಡತಿಯನ್ನು ಕೇಳಬೇಕೆನಿಸಿತು. ಆದರೆ ರುಮಾಲಿನ ರುಚಿಯ ಗೆಡ್ಡೆ ಬಡಿಸಿ ಅಂಥ ಪ್ರಶ್ನೆ ಕೇಳಲು ಮುಖವಿರಲಿಲ್ಲ. ಮೊದಲು ಇದನ್ನು ಸರಿಯಾಗಿ ಬೇಯಿಸುವುದನ್ನು ಕಲಿಯೋಣ, ಆಮೇಲೆ ಕೇಳೋಣ ಎಂದು ನಿರ್ಧರಿಸಿದ.

ಸೊಪ್ಪಿನಕ್ಕ ಅವನ ಕತೆ ಕೇಳಿ ಹಣೆ ಚಚ್ಚಿಕೊಂಡಳು. ತಲೆ ಕತ್ತರಿಸಬಾರದು ಮಾರಾಯ, ಎರಡು ಬೆರಳಿನಷ್ಟು ದಂಟು ಬಿಡಬೇಕು, ಬಾಲ ಮುಟ್ಟಲೇಬಾರದು, ಸಿಪ್ಪೆಗೆ ಗೀರು ಬೀಳಬಾರದು ಎಂದಳು. ಬ್ರಷ್ಷು ಬೇಡ, ಬೇಯಿಸುವ ಮೊದಲು ಕೈಯಲ್ಲಿ ಮೆಲ್ಲಗೆ ತೊಳೆದರೆ ಸಾಕು. ಗಾಯವಾದರೆ ಅಲ್ಲಿಂದಲೇ ಬಣ್ಣವೆಲ್ಲ ನೀರಿಗೆ ಇಳಿದುಹೋಗುತ್ತದೆ. ಎಲೆ ಬಿಸಾಡಿದೆ ಎಂದು ಕೇಳಿ ಅವಳಿಗೆ ನಿಜವಾಗಿಯೇ ಬೇಜಾರಾಯಿತು. ಮನೆಗೆ ಹೋದ ಕೂಡಲೇ ಎಲೆಯನ್ನು ಗೆಡ್ಡೆಯಿಂದ ಬೇರೆ ಮಾಡು, ಇಲ್ಲದಿದ್ದರೆ ಅದು ಗೆಡ್ಡೆಯ ನೀರನ್ನೇ ಕುಡಿದು ಗೆಡ್ಡೆ ಮೆತ್ತಗಾಗುತ್ತದೆ. ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎರಡು ದಿನದೊಳಗೆ ಬೆಳ್ಳುಳ್ಳಿಯ ಜೊತೆ ಬಾಡಿಸಿ ತಿನ್ನು ಎಂದಳು. ಬಣ್ಣ ಬಿಡುವ ವಿಷಯ ಬಂದ ಮೇಲೆ ಅವನಿಗೆ ಮತ್ತೆ ಹೇಳಬೇಕಾಗಿರಲಿಲ್ಲ. ಹೊಸ ಬಟ್ಟೆಯನ್ನು ಹೇಗೆ ಹುಷಾರಾಗಿ ನೀರಿಗೆ ಬಿಡಬೇಕೋ ಹಾಗೆ ಎಂದು ತಾನೇ ಹೇಳಿದ. ಹೂಂ, ಈಗ ದಾರಿಗೆ ಬಂದೆ ಎಂದಳು ಅವಳು.

ಹೆಚ್ಚುವ ತೊಂದರೆಯನ್ನು ಮಾವ ಬಗೆಹರಿಸಿದರು. ಎರಡು ದಿನದಿಂದ ಅಳಿಯನ ಎಡಗೈ ಪಡುವ ಪಾಡನ್ನು ಬಾಗಿಲಿಗೆ ಒರಗಿ ನೋಡುತ್ತಿದ್ದವರು ಮೂರನೆಯ ದಿನ ತರಕಾರಿ ಹೆಚ್ಚುವ ಹಲಗೆಯನ್ನು ಎತ್ತಿಕೊಂಡು ಹಿಂದಿನ ಅಂಗಳಕ್ಕೆ ಹೋದರು. ವರ್ಷಗಳಿಂದ ಮುಚ್ಚಿಟ್ಟಿದ್ದ ಉಪಕರಣದ ಪೆಟ್ಟಿಗೆ ತೆರೆದ ಸದ್ದು, ಸುತ್ತಿಗೆಯ ಸದ್ದು ಕೇಳಿಸಿತು. ತುಕ್ಕು ಹಿಡಿಯದ ಎರಡು ಮೊಳೆಗಳನ್ನು ಹಲಗೆಯ ಕೆಳಗಿನಿಂದ ಮೇಲಕ್ಕೆ ಹೊಡೆದು, ಚೂಪನ್ನು ಅರ್ಧ ಬೆರಳು ನಿಲ್ಲಿಸಿ ತಂದಿಟ್ಟರು. ಗೆಡ್ಡೆಯನ್ನು ಮೊಳೆಗೆ ಚುಚ್ಚಿ ನಿಲ್ಲಿಸಿದರೆ ಅಲುಗಾಡುವ ಮಾತೇ ಇಲ್ಲ. ಹಲಗೆ ಜಾರದಂತೆ ಕೆಳಗೆ ರಬ್ಬರಿನ ತುಂಡನ್ನೂ ಅಂಟಿಸಿದ್ದರು. ಆ ದಿನ ಇಬ್ಬರೂ ಸೇರಿ ಆ ಹಲಗೆಯ ಮೇಲೆ ಬೇಕಾದ್ದು, ಬೇಡವಾದ್ದು ಎಲ್ಲವನ್ನೂ ಹೆಚ್ಚಿ ನೋಡಿದರು.

ಬುಧವಾರ ಬ್ಯಾಂಡೇಜು ಬದಲಿಸುವ ದಿನ. ಆ ಬೆಳಗ್ಗೆಯೇ ಬೇಯಿಸಿದ ಗೆಡ್ಡೆಯ ಸಿಪ್ಪೆ ಜಾರಿಸುವ ಅಭ್ಯಾಸ ಮಾಡುತ್ತ, ತಾನು ಬಲಗೈಯವನೆಂಬ ಹಳೆಯ ಚಾಳಿಯಲ್ಲಿ, ಉರುಳಿ ಹೋಗುತ್ತಿದ್ದ ಒಂದನ್ನು ಬ್ಯಾಂಡೇಜಿನಿಂದಲೇ ತಡೆದಿದ್ದ. ಬಿಳಿ ಬಟ್ಟೆಯ ಮೇಲೆ ಅಂಗೈಯಗಲ ಕೆಂಪು. ಬೇರೆಯವರ ಬಟ್ಟೆಯಾಗಿದ್ದರೆ ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು. ತಣ್ಣೀರು ಹಿಂಬದಿಯಿಂದ ಬಿಡಬೇಕು, ಬಿಸಿನೀರು ತಾಗಿಸಲೇಬಾರದು. ಆದರೆ ಈ ಬಟ್ಟೆಗೆ ನೀರೇ ನಿಷಿದ್ಧ. ಶಾಲಿನೊಳಗೆ ಕೈ ಮುಚ್ಚಿಕೊಂಡು ಕ್ಲಿನಿಕ್ಕಿಗೆ ಹೋದ. ನರ್ಸಮ್ಮ ಶಾಲು ಸರಿಸಿದ್ದೇ ತಡ, ಗಾಯ ಒಡೆದಿದೆ ಎಂದು ಗಾಬರಿಯಾಗಿ ಡಾಕ್ಟರನ್ನು ಕೂಗಿದಳು. ಕಾಯುತ್ತ ಕುಳಿತಿದ್ದವರೆಲ್ಲ ಕತ್ತು ಉದ್ದ ಮಾಡಿ ನೋಡಿದರು. ಕಲೆಗಾರ ನಾಚಿ ನೀರಾಗಿ, ಸಿಸ್ಟರ್, ಅದು ಬೀಟ್‌ರೂಟು ಎಂದ. ಆಕೆ ನಂಬಲಿಲ್ಲ. ಬ್ಯಾಂಡೇಜನ್ನು ಮೂಗಿನ ಹತ್ತಿರ ಒಯ್ದು ಮೂಸಿ ನೋಡಿ, ಆಮೇಲೆ ಗೋಡೆಗೆ ತಿರುಗಿ ನಿಂತು ನಕ್ಕಳು. ಡಾಕ್ಟರು ಗಾಯ ಚೆನ್ನಾಗಿ ಮಾಯುತ್ತಿದೆ ಎಂದರು, ಮುಂದಿನ ಸಲ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಅಡುಗೆ ಮಾಡಲು ಹೇಳಿದರು.

ಆ ರಾತ್ರಿಯ ಊಟಕ್ಕೆ ಅವನು ತಯಾರಿ ನಡೆಸಿದ್ದು ಮಧ್ಯಾಹ್ನ ಮೂರರಿಂದ. ಒಂದೇ ಅಳತೆಯ ಆರು ಗೆಡ್ಡೆ ಆರಿಸಿದ, ಎಲ್ಲ ಒಟ್ಟಿಗೆ ಬೇಯಲೆಂದು. ದಂಟು ಬಿಟ್ಟ, ಬಾಲ ಬಿಟ್ಟ. ಮುಳುಗುವಷ್ಟು ನೀರು, ಸ್ವಲ್ಪ ಉಪ್ಪು, ಸಣ್ಣ ಉರಿ. ನಡುನಡುವೆ ಚಾಕುವಿನಿಂದ ಚುಚ್ಚಿ ಪರೀಕ್ಷೆ ಮಾಡುವ ಆಸೆಯಾದರೂ, ಚುಚ್ಚಿದಲ್ಲೆಲ್ಲ ಬಣ್ಣ ಸೋರುತ್ತದೆ ಎಂದು ತಡೆದುಕೊಂಡ. ಐವತ್ತು ನಿಮಿಷದ ಮೇಲೆ ಒಂದೇ ಒಂದಕ್ಕೆ ಚಾಕು ಹಾಕಿದ. ಬೆಣ್ಣೆಗೆ ಹೋದ ಹಾಗೆ ಹೋಯಿತು. ತಣ್ಣೀರಿಗೆ ಹಾಕಿ, ಕೈಗೆ ತಾಳುವಷ್ಟು ಆರಿದ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದ. ಸಿಪ್ಪೆ ಒಂದೇ ಸಲಕ್ಕೆ ಜಾರಿ ಸಿಂಕಿಗೆ ಬಿತ್ತು. ಒಳಗಿನ ಬಣ್ಣ ನೋಡಿ ಅವನು ಕೆಲಸ ನಿಲ್ಲಿಸಿದ. ಮೂವತ್ತು ವರ್ಷ ಬಟ್ಟೆಯಿಂದ ಹೊಡೆದೋಡಿಸಿದ ಬಣ್ಣವನ್ನು ಅವನು ಇಷ್ಟು ಹೊತ್ತು ಸುಮ್ಮನೆ ನೋಡಿರಲಿಲ್ಲ. ದೀಪದ ಕೆಳಗೆ ಅದು ಒದ್ದೆ ರೇಷ್ಮೆಯಂತೆ ಹೊಳೆಯುತ್ತಿತ್ತು.

ಮೊಳೆ ಹಲಗೆಯ ಮೇಲೆ ಬಿಲ್ಲೆಗಳಾಗಿ ಹೆಚ್ಚಿದ. ಬಾಣಲೆಯಲ್ಲಿ ಬೆಣ್ಣೆ ಕರಗಿಸಿ ಬೆಳ್ಳುಳ್ಳಿ ಕೆಂಪಗಾಗಿಸಿ, ಬಿಲ್ಲೆಗಳನ್ನು ಎರಡೂ ಬದಿ ಬಿಸಿ ಮಾಡಿ, ಮೆಣಸಿನ ಪುಡಿ ಉದುರಿಸಿ, ಕೆಳಗಿಳಿಸಿದ ಮೇಲೆ ನಿಂಬೆ ಹಿಂಡಿದ. ಅದೇ ಬಾಣಲೆಯಲ್ಲಿ ಎಲೆಗಳನ್ನು ಬಾಡಿಸಿದ. ದಂಟಿಗೆ ಎರಡು ನಿಮಿಷ ಹೆಚ್ಚು ಕೊಡಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ, ತಾನೇ ಕಂಡುಕೊಂಡ. ಎರಡು ಗೆಡ್ಡೆಗಳನ್ನು ತುರಿಯದೆ ಸಣ್ಣಗೆ ಹೆಚ್ಚಿ ಗಟ್ಟಿ ಮೊಸರಿಗೆ ಬೆರೆಸಿದ. ಅದು ಮಾವನಿಗೆ.

ಹೆಂಡತಿ ಬಂದಳು. ಕೈಕಾಲು ತೊಳೆದು ಕುಳಿತಳು. ಮೊದಲ ಬಿಲ್ಲೆಯನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಎರಡನೆಯದು, ಮೂರನೆಯದು. ನಾಲ್ಕನೆಯದಕ್ಕೆ ಕಲೆಗಾರನಿಗೆ ತಡೆಯಲಾಗಲಿಲ್ಲ.

"ಇಷ್ಟ ಅಂತ ಒಂದು ಮಾತು ಹೇಳಬಾರದಿತ್ತಾ? ಇಷ್ಟು ವರ್ಷ ನಿನಗೆ ಬೇಡ ಅಂತಲೇ ನಾನು ಅಂದ್ಕೊಂಡಿದ್ದೆ."

ಅವಳು ಕಣ್ಣು ತೆರೆದಳು. "ನೀವೇ ತಾನೇ ಬೇಡ ಅಂದಿದ್ದು."

"ನಾನಾ? ಯಾವಾಗ?"

ಅವಳು ನೆನಪಿಸಿದಳು. ಮದುವೆಯಾದ ವರ್ಷ. ಆಗ ಬೇರೆ ಮನೆಯಿರಲಿಲ್ಲ, ಅಂಗಡಿಯ ಹಿಂದಿನ ಕೋಣೆಯಲ್ಲೇ ಸಂಸಾರ, ಊಟದ ತಟ್ಟೆಗೂ ಗಿರಾಕಿಯ ಬಟ್ಟೆಗೂ ನಡುವೆ ಒಂದು ಮೊಳದ ಅಂತರ. ಯಾರದೋ ಬಿಳಿ ಕೋಟಿನ ಮೇಲೆ ಅವಳ ತಟ್ಟೆಯಿಂದ ಒಂದು ಹೋಳು ಜಾರಿತು. ಬಟ್ಟೆ ಒಪ್ಪಿಸಬೇಕಾದದ್ದು ಮರುದಿನ. ಅವನು ಸಿಟ್ಟಿನಲ್ಲಿ, ಇನ್ನು ಮೇಲೆ ಈ ಗೆಡ್ಡೆ ಈ ಮನೆಗೆ ಕಾಲಿಡಕೂಡದು ಎಂದಿದ್ದ.

ಕೋಟು ಅವನಿಗೆ ಚೆನ್ನಾಗಿ ನೆನಪಿತ್ತು. ಹತ್ತಿ ಮತ್ತು ಲಿನನ್ನಿನ ಮಿಶ್ರಣ, ಎಡ ಜೇಬಿನ ಕೆಳಗೆ ಕಲೆ, ನಾಲ್ಕು ಸಲ ತೊಳೆದ ಮೇಲೆ ಹೋಯಿತು. ಗಿರಾಕಿಗೆ ಗೊತ್ತೂ ಆಗಲಿಲ್ಲ. ಆ ಮಾತು ಆಡಿದ್ದು ಮಾತ್ರ ಎಳ್ಳಷ್ಟೂ ನೆನಪಿರಲಿಲ್ಲ. ಬಾಯಿಂದ ಹೊರಬಿದ್ದ ಕ್ಷಣದಲ್ಲೇ ಅವನು ಮರೆತಿದ್ದ. ಅವಳು ಇಪ್ಪತ್ತೆರಡು ವರ್ಷ ಪಾಲಿಸಿದ್ದಳು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟ.

"ಕೇಳಬಹುದಿತ್ತಲ್ಲ ನೀನು" ಎಂದ, ಮೆತ್ತಗೆ.

"ಮೊದಮೊದಲು ಸಿಟ್ಟಿತ್ತು. ಆಮೇಲೆ ಒಂದು ಗೆಡ್ಡೆಗೋಸ್ಕರ ಯಾಕೆ ಜಗಳ ಅಂತ ಬಿಟ್ಟೆ. ಆಮೇಲೆ ಅಭ್ಯಾಸ ಆಯ್ತು." ಅವಳು ಇನ್ನೊಂದು ಬಿಲ್ಲೆ ಹಾಕಿಕೊಂಡಳು. "ಪೂರ್ತಿ ಉಪವಾಸ ಏನೂ ಇರಲಿಲ್ಲ ಬಿಡಿ. ಅಕ್ಕನ ಮನೆಗೆ ಹೋದಾಗ ತಿಂತಿದ್ದೆ. ನಾನು ಬರ್ತೀನಿ ಅಂದ್ರೆ ಅವಳು ಎರಡು ದಿನ ಮುಂಚೆನೇ ತಂದಿಡ್ತಾಳೆ."

ಅಕ್ಕನ ಮನೆಯಿಂದ ಬಂದಾಗಲೆಲ್ಲ ಇವಳ ಮುಖ ಯಾಕಷ್ಟು ಅರಳಿರುತ್ತದೆ, ಅಲ್ಲಿ ತನ್ನ ಬಗ್ಗೆ ಇಬ್ಬರೂ ಸೇರಿ ಏನೇನು ಆಡಿಕೊಂಡಿರಬಹುದು ಎಂದು ಅವನು ಎಷ್ಟೋ ಸಲ ತಲೆ ಕೆಡಿಸಿಕೊಂಡಿದ್ದ. ಅದನ್ನು ಹೇಳಿಯೂಬಿಟ್ಟ. ಹೆಂಡತಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕೆಮ್ಮು ಬಂದು, ಅವನೇ ಎದ್ದು ನೀರು ತಂದುಕೊಟ್ಟ. ತಪ್ಪಾಯಿತು ಕಣೇ ಎಂದು ಲೋಟ ಕೊಡುವಾಗ ಹೇಳಿದ. ಅವಳು ಹೂಂ ಎಂದಳು. ಮಾವ ಇದಾವುದೂ ತಮಗೆ ಸಂಬಂಧವಿಲ್ಲದಂತೆ ಮೊಸರಿನ ಬಟ್ಟಲನ್ನು ಬೆರಳಿನಿಂದ ಬಳಿದು ಮುಗಿಸಿ, ಎಲೆಯ ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಆಮೇಲಿನ ವಾರಗಳಲ್ಲಿ ಕಲೆಗಾರನಿಗೆ ಬೀಟ್‌ರೂಟಿನ ಹುಚ್ಚೇ ಹಿಡಿಯಿತೆನ್ನಬೇಕು. ಇಪ್ಪತ್ತೆರಡು ವರ್ಷದ ಬಾಕಿಯನ್ನು ಒಂದೇ ಚಳಿಗಾಲದಲ್ಲಿ ತೀರಿಸುವವನಂತೆ ತಂದ. ಬೇಳೆಯ ಜೊತೆ ಬೇಯಿಸಿದ, ಸೂಪು ಮಾಡಿದ, ಹಸಿಯಾಗಿಯೇ ತೆಳ್ಳಗೆ ಹೆಚ್ಚಿ ಕಿತ್ತಳೆಯ ಜೊತೆ ಕಲಸಿದ. ಒಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ಒಂದು ಚೀಲ ತಂದು, ಎಲ್ಲವನ್ನೂ ತೊಳೆದು, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಟ್ಟ. ವಾರದೊಳಗೆ ಲೋಳೆ ಬಂತು. ತೊಳೆಯದೆ, ಮಣ್ಣು ಒಣಗಿಸಿ ಉದುರಿಸಿ, ಗಾಳಿಯಾಡುವ ಬಟ್ಟೆಯ ಚೀಲದಲ್ಲಿ ಇಡಬೇಕೆಂದು ಆಗ ಗೊತ್ತಾಯಿತು. ಬಟ್ಟೆಯ ಚೀಲಕ್ಕೆ ಅವನ ಹತ್ತಿರ ಬರವಿರಲಿಲ್ಲ. ಒಂದೊಂದು ಚೀಲಕ್ಕೂ ಲಾಂಡ್ರಿಯ ಚೀಟಿ ಪಿನ್ನು ಮಾಡಿ ತಂದ ದಿನ ಬರೆಸಿದ. ಬರೆದವರು ಮಾವ. ಹೆಚ್ಚು ದಿನ ಇಡಬೇಕಾದದ್ದಕ್ಕೆ ಮಾವನೇ ಹಳೆಯ ಹಲಗೆಗಳಿಂದ ಒಂದು ಪೆಟ್ಟಿಗೆ ಹೊಡೆದುಕೊಟ್ಟರು. ಅದಕ್ಕೆ ಒಂದು ಪದರ ತೇವದ ಮರಳು, ಒಂದು ಪದರ ಗೆಡ್ಡೆ, ಮತ್ತೆ ಮರಳು, ಒಂದಕ್ಕೊಂದು ತಾಗದಂತೆ. ಮೆಟ್ಟಿಲ ಕೆಳಗಿನ ತಂಪು ಕತ್ತಲಲ್ಲಿ ಅದನ್ನಿಟ್ಟು ಇಬ್ಬರೂ ದಿನಕ್ಕೊಮ್ಮೆ ಬಗ್ಗಿ ನೋಡಿ ಬರುತ್ತಿದ್ದರು, ತೊಟ್ಟಿಲಲ್ಲಿ ಮಗು ಮಲಗಿಸಿದವರ ಹಾಗೆ.

ನಾಲ್ಕನೆಯ ವಾರ ಒಂದು ಮಧ್ಯಾಹ್ನ ಹೆಂಡತಿ ಊಟಕ್ಕೆ ಬರಲಿಲ್ಲ. ಅವನೇ ಡಬ್ಬಿ ಕಟ್ಟಿಕೊಂಡು ಅಂಗಡಿಗೆ ಹೋದ. ಬಾಗಿಲಲ್ಲಿ ನಿಂತವನು ಒಳಗೆ ಹೋಗಲಿಲ್ಲ. ಒಳಗೆ ನಾಲ್ಕು ಜನ ಗಿರಾಕಿಗಳು. ಅವರು ಕೂರಲು ಒಂದು ಬೆಂಚು ಬಂದಿತ್ತು. ಕೋಟುಗಳು ಹೆಸರಿನ ಬದಲು ಒಪ್ಪಿಸುವ ದಿನದ ಪ್ರಕಾರ ನೇತಾಡುತ್ತಿದ್ದವು, ಹುಡುಕಾಟವೇ ಇಲ್ಲ. ಹೆಂಡತಿ ಒಂದು ಅಂಗಿಯನ್ನು ಬೆಳಕಿಗೆ ಹಿಡಿದು, ಯಾವಾಗ ಬಿತ್ತು, ಮನೆಯಲ್ಲಿ ಏನು ಹಚ್ಚಿದಿರಿ ಎಂದು ಕೇಳುತ್ತಿದ್ದಳು. ಗುಂಡಿ ಹೊಲಿಯುತ್ತ ಮೂಲೆಯಲ್ಲಿ ಕುಳಿತವಳು ಇಷ್ಟು ವರ್ಷ ಕಿವಿಯನ್ನು ಸುಮ್ಮನೆ ಬಿಟ್ಟಿರಲಿಲ್ಲ. ಗಿರಾಕಿ ನಿಜ ಹೇಳಿದ. ತನ್ನ ಹತ್ತಿರ ಆ ಗಿರಾಕಿ ಎಂದೂ ನಿಜ ಹೇಳಿದವನಲ್ಲ. ಕಲೆಗಾರನಿಗೆ ಹೆಮ್ಮೆಯಾಯಿತು. ಜೊತೆಗೆ ಒಂದು ಸಣ್ಣ ಮುಳ್ಳೂ ಚುಚ್ಚಿತು. ತಾನಿಲ್ಲದೆಯೂ ಅಂಗಡಿ ನಡೆಯುತ್ತದೆ ಎಂದು ಕಣ್ಣಾರೆ ಕಾಣುವುದು ಯಾರಿಗೂ ಸುಲಭವಲ್ಲ.

ಅವನನ್ನು ಕಂಡು ಅವಳು ಕೈಬೀಸಿ ಕರೆದಳು. ಎರಡು ದಿನದಿಂದ ಎತ್ತಿಟ್ಟಿದ್ದ ಒಂದು ರೇಷ್ಮೆ ರವಿಕೆಯನ್ನು ತಂದು ಮುಂದಿಟ್ಟು, ಇದರ ಮೇಲೆ ಬಿದ್ದದ್ದು ಏನೆಂದೇ ತನಗೆ ತಿಳಿಯುತ್ತಿಲ್ಲ, ನೀವೇ ನೋಡಬೇಕು ಎಂದಳು. ಅವನು ಮೂಸಿದ, ಉಗುರಿನಿಂದ ಕೆರೆದ. ಹಳೆಯ ಅತ್ತರು ಎಂದ. ಮುಳ್ಳು ಅರ್ಧ ಹೊರಬಂತು. ಉಳಿದರ್ಧ, ಅವಳು ಡಬ್ಬಿ ಬಿಚ್ಚಿ ಕೌಂಟರಿನ ಹಿಂದೆ ನಿಂತೇ ಗಬಗಬನೆ ತಿಂದದ್ದನ್ನು ನೋಡಿ ಹೊರಬಂತು.

ಆರು ವಾರಕ್ಕೆ ಬ್ಯಾಂಡೇಜು ಬಿಚ್ಚಿದರು. ಕೈಯ ಚರ್ಮ ಎಳೆಯದಾಗಿ, ತೆಳ್ಳಗೆ, ಬೇರೆಯವರದ್ದೇನೋ ಎಂಬಂತಿತ್ತು. ಬೆರಳು ಮಡಿಸಿ ಬಿಡಿಸಿ ತೋರಿಸಿದ. ಸ್ವಲ್ಪ ಸ್ವಲ್ಪವೇ ಕೆಲಸ ಶುರುಮಾಡಿ ಎಂದರು ಡಾಕ್ಟರು.

ಮನೆಗೆ ಬರುವ ದಾರಿಯುದ್ದಕ್ಕೂ ಅವನಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಬೆಳಗ್ಗೆ ಮಾರುಕಟ್ಟೆ, ಸೊಪ್ಪಿನಕ್ಕನ ಬೈಗುಳ, ಮಾವನ ಜೊತೆ ಒಲೆಯ ಮುಂದೆ ಕಳೆಯುವ ಹೊತ್ತು, ಇವೆಲ್ಲ ನಾಳೆಯಿಂದ ಇಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿಯೂ ಯಾಕೋ ಮಂಕಾಗಿದ್ದಳು. ಬೀಗದ ಕೈಯನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು, ಆದರೆ ಅದರ ಮೇಲಿಂದ ಕೈ ತೆಗೆಯಲಿಲ್ಲ. ಇಬ್ಬರೂ ಆ ಬೀಗದ ಕೈಯನ್ನೇ ನೋಡುತ್ತ ಕುಳಿತರು. ಕೊನೆಗೆ ಬಾಯಿ ತೆರೆದವರು ಮಾವ.

"ಹಿಂದಿನ ಸಲ ಇಬ್ಬರೂ ಬಾಯಿ ಮುಚ್ಕೊಂಡು ಕೂತು ಇಪ್ಪತ್ತೆರಡು ವರ್ಷ ಹೋಯ್ತು. ಈ ಸಲ ನನಗೆ ಅಷ್ಟು ಟೈಮಿಲ್ಲ. ಬೇಗ ಹೇಳಿ."

ಹೆಂಡತಿ ಹೇಳಿದಳು. ಬೆಳಗಿನ ಹೊತ್ತು ಅಂಗಡಿಯಲ್ಲಿ ಇರುವುದು ತನಗೆ ಹಿಡಿಸಿದೆ, ಬಿಡಲು ಮನಸ್ಸಿಲ್ಲ ಎಂದಳು. ಕಲೆಗಾರ ಅವಳ ಮಾತು ಮುಗಿಯುವ ಮೊದಲೇ ತಲೆಯಾಡಿಸತೊಡಗಿದ್ದ. ಬೆಳಗ್ಗೆಯಿಂದ ಎರಡು ಗಂಟೆಯವರೆಗೆ ಅಂಗಡಿ ಅವಳದು, ಒಲೆ ಅವನದು. ಎರಡರ ಮೇಲೆ ಕಷ್ಟದ ಕಲೆಗಳನ್ನೆಲ್ಲ ಅವನು ನೋಡಿಕೊಳ್ಳುವುದು, ರಾತ್ರಿಯ ಅಡುಗೆ ಯಾರಿಗೆ ಮನಸ್ಸು ಬಂದರೆ ಅವರದ್ದು. ಇಷ್ಟನ್ನು ತೀರ್ಮಾನಿಸಲು ಐದು ನಿಮಿಷವೂ ಹಿಡಿಯಲಿಲ್ಲ. ಹೆಂಡತಿ ಬೀಗದ ಕೈಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು.

ಚಳಿ ಇಳಿಯುತ್ತ ಬಂದಿತ್ತು. ಮರುವಾರ ಕಲೆಗಾರ ಎರಡೂ ಕೈಯಲ್ಲಿ ಚೀಲ ಹಿಡಿದು ಮಾರುಕಟ್ಟೆಗೆ ಹೋದಾಗ ಸೊಪ್ಪಿನಕ್ಕನ ಮುಂದೆ ಬೀಟ್‌ರೂಟಿನ ರಾಶಿ ಕರಗಿ ಹೋಗಿತ್ತು. ಉಳಿದವೂ ದೊಡ್ಡದೊಡ್ಡವು. ಇವು ನಿನಗಲ್ಲ ಎಂದು ಅವಳೇ ತಡೆದಳು. ಅವನು ಅವಳ ಹಿಂದಿನ ಬುಟ್ಟಿಯಲ್ಲಿ ಹೊಸದಾಗಿ ಬಂದಿಳಿದಿದ್ದ ಹಸಿರು ಬಟಾಣಿಯ ಕಾಯಿಗಳನ್ನು ಕಂಡು, ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ.

"ಇದನ್ನ ಹೇಗೆ ಆರಿಸೋದಕ್ಕಾ?"

ಸೊಪ್ಪಿನಕ್ಕ ತಕ್ಕಡಿ ಪಕ್ಕಕ್ಕಿಟ್ಟು, ಸ್ಟೂಲನ್ನು ಅವನ ಕಡೆಗೆ ತಳ್ಳಿದಳು. ಗಂಟೆ ಇನ್ನೂ ಒಂಬತ್ತು. ಅವನು ಕುಳಿತ.